ನಿಜವಾದ ಪಂಕ್ಚರ್

ಗಡಿಯಾರ ರಿಪೇರಿ ಮಾಡುವವರು ಹೊತ್ತಿಗೆ ಸರಿಯಾಗಿ ನಡೆದುಕೊಳ್ಳುತ್ತಾರೆ ಎಂದು ಯಾರಾದರೂ ನಂಬಿದ್ದರೆ ಅವರು ನಮ್ಮ ನಾಳೆ ಸಾಹೇಬರನ್ನು ನೋಡಿಲ್ಲವೆಂದೇ ಅರ್ಥ. ಅವರ ಅಂಗಡಿಯ ಗೋಡೆಯ ಮೇಲೆ ಇಪ್ಪತ್ತೆರಡು ಗಡಿಯಾರಗಳಿದ್ದವು. ಇಪ್ಪತ್ತೆರಡೂ ಸರಿಯಾಗಿ ಓಡುತ್ತಿದ್ದವು. ಅವುಗಳ ಕೆಳಗೆ ಕೂತ ಮನುಷ್ಯ ಮಾತ್ರ ಹುಟ್ಟಿದಾಗಿನಿಂದ ಎಲ್ಲಿಗೂ ಸರಿಯಾದ ಸಮಯಕ್ಕೆ ಹೋದವರಲ್ಲ. ಗಿರಾಕಿ ಬಂದರೆ "ನಾಳೆ ಬನ್ನಿ" ಎನ್ನುವುದು ಅವರ ಬಾಯಿಪಾಠ, ಬೀದಿಯವರು ಹೆಸರಿಟ್ಟಿದ್ದೂ ಅದಕ್ಕೇ. ಮನೆಯವರಿಗೆ ಹೇಳುವ ಪಾಠ ಬೇರೆ ಇತ್ತು: "ಗಾಡಿ ಪಂಕ್ಚರ್ ಆಯ್ತು."

ಮಗಳ ಶಾಲೆಯ ನಾಟಕಕ್ಕೆ ಪರದೆ ಬಿದ್ದ ಮೇಲೆ ಹೋದಾಗ ಪಂಕ್ಚರ್. ಭಾವಮೈದುನನನ್ನು ಸ್ಟೇಷನ್ನಿನಲ್ಲಿ ಎರಡು ಗಂಟೆ ಒಣಗಿಸಿದಾಗಲೂ ಪಂಕ್ಚರ್. ಸತ್ಯ ಹೇಳಬೇಕೆಂದರೆ ಆ ಮೋಟಾರ್ ಸೈಕಲ್ಲಿಗೆ ಒಂದೇ ಒಂದು ಮೊಳೆಯೂ ಚುಚ್ಚಿರಲಿಲ್ಲ. ಕೊನೆಕೊನೆಗೆ ಆ ಮನೆಯಲ್ಲಿ ಮಾತಿನ ಅರ್ಥವೇ ಬದಲಾಗಿಹೋಯಿತು. ಬೇರೆಯವರ ಮನೆಗಳಲ್ಲಿ ರೀಲು ಬಿಟ್ಟರೆ ಇವರ ಮನೆಯಲ್ಲಿ ಪಂಕ್ಚರ್ ಬಿಡುತ್ತಿದ್ದರು. ಮಗಳು ಹೋಂವರ್ಕ್ ಮಾಡದೆ ಹೊಟ್ಟೆನೋವೆಂದು ಮಲಗಿದರೆ ಹೆಂಡತಿ, "ಏಳು ಏಳು, ನಿಮ್ಮಪ್ಪನ ಹಾಗೆ ಪಂಕ್ಚರ್ ಬಿಡ್ಬೇಡ" ಎನ್ನುತ್ತಿದ್ದಳು. ಹೋದ ವರ್ಷ ಸಾಹೇಬರ ಹುಟ್ಟಿದ ದಿನಕ್ಕೆ ಮಗಳು ಒಂದು ಡಬ್ಬಿ ತಂದುಕೊಟ್ಟಳು. ತೆರೆದರೆ ಟ್ಯೂಬ್ ಇಲ್ಲದ ಟೈರಿಗೆ ನಾವೇ ಪಂಕ್ಚರ್ ಹಾಕಿಕೊಳ್ಳುವ ಕಿಟ್. "ಇನ್ಮೇಲೆ ಆ ನೆಪ ನಡೆಯಲ್ಲ ಅಪ್ಪ. ಹತ್ತೇ ನಿಮಿಷದ ಕೆಲಸವಂತೆ" ಎಂದು ನಕ್ಕಿದ್ದಳು. ಸಾಹೇಬರೂ ನಕ್ಕು ಅದನ್ನು ಸೀಟಿನ ಕೆಳಗಿಟ್ಟು ಮರೆತರು.

ಇವತ್ತು ಆ ಮಗಳ ಮದುವೆ ರಿಜಿಸ್ಟರ್ ಆಗುವ ದಿನ. ಹನ್ನೊಂದೂವರೆಗೆ.

ಹುಡುಗ ಫೋನ್ ರಿಪೇರಿಯವ. ಸಾಹೇಬರಿಗೆ ಉರಿದದ್ದೇ ಅದಕ್ಕೆ. ಜನ ಕೈಗಡಿಯಾರ ಕಟ್ಟುವುದನ್ನು ಬಿಟ್ಟದ್ದು ಆ ಹಾಳು ಫೋನಿನಿಂದ. ತಮ್ಮ ಹೊಟ್ಟೆಯ ಮೇಲೆ ಹೊಡೆದವನಿಗೇ ಮಗಳನ್ನು ಕೊಡುವುದೆಂದರೇನು? ಮೂರು ತಿಂಗಳು ಸುತರಾಂ ಒಪ್ಪಲಿಲ್ಲ. ಮೊನ್ನೆ ಬೆಳಿಗ್ಗೆ ಮಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಸಾಕ್ಷಿ ಸಹಿ ನೀನು ಹಾಕ್ಬೇಕು ಅಂತ ನನ್ನಾಸೆ. ಬರೋದಾದ್ರೆ ಬಾ. ಬರದಿದ್ರೆ ಎದುರುಮನೆ ಅಂಕಲ್ ಹತ್ರ ಹಾಕಿಸ್ತೀವಿ. ಆಮೇಲೆ ಮಾತ್ರ ಪಂಕ್ಚರ್ ಅನ್ಬೇಡ ಅಪ್ಪ. ಈ ಸಲ ನನ್ನಿಂದ ತಡ್ಕೊಳ್ಳೋಕಾಗಲ್ಲ."

"ಬರ್ತೀನಿ" ಎಂದಿದ್ದರು ಸಾಹೇಬರು, ಕಣ್ಣಿನ ಭೂತಗನ್ನಡಿ ತೆಗೆಯದೆ.

ಆದರೆ ಇವತ್ತು ಹೆಂಡತಿ ಮಗಳು ಮುಂಚೆಯೇ ಹೊರಟುಹೋದ ಮೇಲೆ, ಇಸ್ತ್ರಿ ಅಂಗಿ ಹಾಕಿಕೊಂಡ ಸಾಹೇಬರು ದಾರಿಯಲ್ಲಿ ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕೂತುಬಿಟ್ಟರು. ಹೋಗಲೋ ಬೇಡವೋ? ಹೋದರೆ ಸೋತಂತೆ, ಹೋಗದಿದ್ದರೆ ಮಗಳು ಹೋದಂತೆ. ಎದ್ದರು, ಕೂತರು, ಯಾರದೋ ಗಡಿಯಾರಕ್ಕೆ ಕೀ ಕೊಟ್ಟರು, ಮತ್ತೆ ಎದ್ದರು. ಹತ್ತೂವರೆಗೆ ಹೊರಡಬೇಕಿದ್ದವರು ಗಾಡಿ ಸ್ಟಾರ್ಟ್ ಮಾಡಿದಾಗ ಹತ್ತು ಐವತ್ತು.

ಗೋದಾಮುಗಳ ಉದ್ದನೆಯ ಗೋಡೆಯ ಪಕ್ಕ ಬರುತ್ತಿದ್ದಾಗ ಹಿಂದಿನ ಚಕ್ರ ಓಲಾಡತೊಡಗಿತು. ಇಳಿದು ನೋಡಿದರೆ ಟೈರಿನ ನಡುಮಧ್ಯೆ ಬೆರಳುದ್ದದ ಮೊಳೆ, ಸುತ್ತ ಬುಸ್ ಎಂಬ ಸದ್ದು. ಸಾಹೇಬರಿಗೆ ನಗು ಬರಬೇಕಿತ್ತು, ಬರಲಿಲ್ಲ. ಹನ್ನೊಂದು ಹತ್ತು. ಒಂದು ಆಟೋ ಇಲ್ಲ, ಒಂದು ಬಸ್ಸಿಲ್ಲ.

ಫೋನ್ ಹಚ್ಚಿದರು. ಎತ್ತಿದವಳು ಹೆಂಡತಿ.

"ಎಲ್ಲಿದ್ದೀರಿ?"

"ದಾರೀಲಿ. ಗಾಡಿ..."



"ಹೇಳ್ಬೇಡಿ ರೀ" ಎಂದಳು ಹೆಂಡತಿ ಮೆಲ್ಲಗೆ. "ಆ ಮಾತು ಇವತ್ತೊಂದಿನ ಹೇಳ್ಬೇಡಿ. ನಾನೂ ಅವಳಿಗೆ ಹೇಳಲ್ಲ." ಫೋನ್ ಇಟ್ಟೇಬಿಟ್ಟಳು.

ಸಾಹೇಬರು ಗೋಡೆಯ ಉದ್ದಕ್ಕೂ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದರು. ಆಮೇಲೆ ಡಬ್ಬಿಯ ನೆನಪಾಯಿತು. ಸೀಟು ಎತ್ತಿ ತೆಗೆದರೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿಲ್ಲ. ನೂರಾರು ಪಂಕ್ಚರ್ ಆದ ಮನುಷ್ಯನಿಗೆ ಪಂಕ್ಚರ್ ಹಾಕಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಒಳಗೆ ಹಿಡಿಯಿದ್ದ ಎರಡು ಸಲಾಕೆ, ಒಂದು ಒರಟು, ಇನ್ನೊಂದರ ತುದಿಗೆ ದಬ್ಬಣದ ಹಾಗೆ ಕಣ್ಣು. ತೂತಿಗೆ ತುರುಕಲು ಅಂಟಂಟಾದ ಮೂರು ರಬ್ಬರ್ ಎಳೆಗಳು, ಗೋಂದಿನ ಟ್ಯೂಬು, ಇಕ್ಕಳ, ಕೈಪಂಪು. ಬಳಸುವ ವಿಧಾನದ ಚೀಟಿಯೂ ಇತ್ತು. ಸಾಹೇಬರು ಅದನ್ನು ಪಕ್ಕಕ್ಕೆಸೆದರು. ರಿಪೇರಿಯವರು ಚೀಟಿ ಓದುವುದುಂಟೇ?

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಇಕ್ಕಳದಿಂದ ಮೊಳೆ ಕಿತ್ತು ಜೇಬಿಗಿಟ್ಟರು. ಒರಟು ಸಲಾಕೆಯನ್ನು ತೂತಿಗೆ ತೂರಿಸಿ ಆಡಿಸಿದರು. ಇನ್ನೊಂದರ ಕಣ್ಣಿಗೆ ಎಳೆ ಪೋಣಿಸಿ, ಗೋಂದು ಬಳಿದು, ಮೈಭಾರವೆಲ್ಲ ಹಾಕಿ ಒತ್ತಿದರು. ಎಳೆ ಒಳಗೆ ಹೋಯಿತು, ಎರಡು ಬಾಲ ಹೊರಗೆ ಉಳಿದವು. ಭಲೇ ಎಂದುಕೊಂಡು ಸಲಾಕೆಯನ್ನು ಹೊರಕ್ಕೆ ತೆಗೆದರು. ತೆಗೆದದ್ದು ಹೇಗೆ? ನಲವತ್ತು ವರ್ಷ ಗಡಿಯಾರದ ಮುಳ್ಳು ತೆಗೆದ ಹಾಗೆ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ. ಕೆಲಸ ಕಲಿಸಿದ ಗುರು ಕೈಗೆ ಸ್ಕ್ರೂಡ್ರೈವರ್ ಕೊಟ್ಟ ಮೊದಲ ದಿನವೇ, ಯಾವುದನ್ನೂ ಜಗ್ಗಬೇಡ ಎಂದಿದ್ದರು. ಸಲಾಕೆ ನಿಧಾನವಾಗಿ ಬಂತು. ಅದರ ಜೊತೆಗೆ ಎಳೆಯೂ ಅಷ್ಟೇ ನಿಧಾನವಾಗಿ, ಮಗುವಿನ ಹಾಗೆ ಕೈಹಿಡಿದುಕೊಂಡು ಹೊರಗೆ ಬಂತು.

ಎರಡನೆಯ ಎಳೆಯನ್ನು ಇನ್ನೂ ಹುಷಾರಾಗಿ, ಇನ್ನೂ ನಿಧಾನವಾಗಿ ತೆಗೆದರು. ಅದೂ ಬಂತು. ಉಳಿದದ್ದು ಒಂದೇ. ಬೆವರು ಕಿತ್ತುಕೊಂಡು ಬಂತು. ಹನ್ನೊಂದು ಇಪ್ಪತ್ತೆಂಟು.

ಹಾಲಿನ ವ್ಯಾನಿನವನೊಬ್ಬ ಎದುರಿನಿಂದ ಬಂದು ನಿಲ್ಲಿಸಿದ. "ಏನಾಯ್ತು ಯಜಮಾನ್ರೇ?"

"ಪಂಕ್ಚರ್" ಎಂದರು ಸಾಹೇಬರು ಹೆದರಿ ಹೆದರಿ.

"ಅಯ್ಯೋ ಪಾಪ! ನಾನು ಆ ಕಡೆ ಹೋಗೋನು, ಇಲ್ದಿದ್ರೆ ಕರ್ಕೊಂಡು ಹೋಗ್ತಿದ್ದೆ" ಎಂದು ಅವನು ಹೊರಟ.

ಜೀವಮಾನದಲ್ಲಿ ಮೊದಲ ಸಲ ಒಬ್ಬರು ಆ ಮಾತನ್ನು ನಂಬಿದ್ದರು. ಸಾಹೇಬರಿಗೆ ಅಳುವೇ ಬಂದಂತಾಯಿತು. ಕಲ್ಲಿನ ಮೇಲೆ ಕೂತು ಎಸೆದ ಚೀಟಿಯನ್ನು ಎತ್ತಿಕೊಂಡರು. ಸಾಸಿವೆಯಂಥ ಅಕ್ಷರ. ಜೇಬಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಓದಿದರೆ ಐದನೆಯ ಸಾಲಿನಲ್ಲಿತ್ತು: ಒಂದೇ ಏಟಿಗೆ ಜಗ್ಗಿ ಎಳೆಯಿರಿ. ನಿಧಾನಿಸಬೇಡಿ.

ನಿಧಾನಿಸಬೇಡಿ! ಮೂರು ತಿಂಗಳಿಂದ ಎಲ್ಲರೂ ಹೇಳಿದ್ದು ಅದನ್ನೇ ಅಲ್ಲವೇ? ಆ ಹುಡುಗ ಎರಡು ಸಲ ಮನೆಗೆ ಬಂದಾಗ ಮುಖ ಕೊಟ್ಟು ಒಂದು ಮಾತಾಡಿದ್ದರೆ ಮುಗಿಯುತ್ತಿತ್ತು. ಇಲ್ಲ, ಇವರು ಕೂದಲೆಳೆಯಷ್ಟು ಒಪ್ಪಿದರು, ಕೂದಲೆಳೆಯಷ್ಟು ಹಿಂದೆ ಸರಿದರು. ಬೆಳಿಗ್ಗೆ ಅಂಗಡಿಯಲ್ಲಿ ಕೂತು ಮಾಡಿದ್ದೂ ಅದೇ. ಸಾಹೇಬರಿಗೆ ತಮ್ಮ ಮೇಲೆಯೇ ರೇಗಿಹೋಯಿತು.

ಕೊನೆಯ ಎಳೆ ಪೋಣಿಸಿದರು, ಒತ್ತಿದರು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳುಗಳು ಮಾತು ಕೇಳಲೊಲ್ಲವು, ನಲವತ್ತು ವರ್ಷದ ಅಭ್ಯಾಸ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಒಂದೇ ಏಟಿಗೆ ಜಗ್ಗಿದರು. ಹಿಂದಕ್ಕೆ ಬಿದ್ದರು, ಇಸ್ತ್ರಿ ಅಂಗಿ ಧೂಳಾಯಿತು. ಕಣ್ಣು ಬಿಟ್ಟರೆ ಸಲಾಕೆ ಖಾಲಿ. ಎಳೆ ಟೈರಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಪಂಪು ಹೊಡೆದು ಹೊಡೆದು ತೋಳು ಬಿದ್ದುಹೋಯಿತು. ಎಂಜಲು ಹಚ್ಚಿ ನೋಡಿದರು. ಗುಳ್ಳೆ ಏಳಲಿಲ್ಲ. ಬಾಲಗಳನ್ನು ಕತ್ತರಿಸುವಷ್ಟು ವ್ಯವಧಾನ ಯಾರಿಗಿತ್ತು? ಹಾಗೆಯೇ ಹೊರಟರು.

ಆಫೀಸಿನ ಮೆಟ್ಟಿಲು ಹತ್ತುವಾಗ ಹನ್ನೆರಡು ಹತ್ತು. ಒಳಗೆ ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ಎದುರುಮನೆಯವರ ಕೈಯಲ್ಲಿ ಪೆನ್ನಿತ್ತು. 

"ಓ, ಪಂಕ್ಚರ್ ಆದವರು ನೀವೇನಾ?" ಎಂದರು ಅಧಿಕಾರಿ. "ನಿಮ್ಮ ಮಗಳು ಮುಕ್ಕಾಲು ಗಂಟೆಯಿಂದ ನನ್ನ ಹಿಡಿದಿಟ್ಟಿದ್ದಾಳೆ. ಅಪ್ಪನ ಗಾಡಿ ಪಂಕ್ಚರ್ ಆಗಿದೆ, ಬಂದೇ ಬರ್ತಾರೆ, ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಅವಳು, ನಾನು ಹೇಳಲಿಲ್ಲ ಎಂಬಂತೆ ತಲೆಯಾಡಿಸಿದಳು. ಮಗಳು ನೆಲ ನೋಡುತ್ತಿದ್ದಳು. ಅಪ್ಪ ಬರುವುದಿಲ್ಲವೆಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿಯಾಗಿತ್ತು. ಆದರೂ ಹತ್ತು ಜನರೆದುರು ಅಪ್ಪನ ಮಾನ ಉಳಿಸಲು, ಅಪ್ಪನ ಸುಳ್ಳನ್ನೇ ತಾನು ಹೇಳಿ ಕಾದಿದ್ದಳು.

ಹೌದು ಎಂದುಬಿಟ್ಟರೆ ಸಾಕಿತ್ತು. ಅದೂ ಈ ಸಲ ನಿಜವೇ.

"ಪಂಕ್ಚರ್ ಅಲ್ಲ" ಎಂದರು ಸಾಹೇಬರು. "ಅಂಗಡೀಲಿ ಕೂತಿದ್ದೆ ಕಣಮ್ಮ. ಬರೋದೋ ಬೇಡ್ವೋ ಅಂತ ಕೂತಿದ್ದೆ. ತಡ ಆಗಿದ್ದು ಅದಕ್ಕೆ. ತಪ್ಪಾಯ್ತು." ಆಮೇಲೆ ಹುಡುಗನ ಕಡೆ ತಿರುಗಿ, "ನಿನ್ನ ಹತ್ರಾನೂ ತಪ್ಪಾಯ್ತಪ್ಪ" ಎಂದರು.

ಮಗಳು ತಲೆಯೆತ್ತಿದಳು. ಅವಳ ಕಣ್ಣು ಅಪ್ಪನ ಧೂಳಾದ ಅಂಗಿಯ ಮೇಲೆ ಹೋಯಿತು, ಅಲ್ಲಿಂದ ಕೈಗಳ ಮೇಲೆ. ಎಂದೂ ಒಂದು ಕಲೆಯಿಲ್ಲದ ಆ ಗಡಿಯಾರದ ಬೆರಳುಗಳು ಕರ್ರಗೆ ಅಂಟಾಗಿದ್ದವು.

"ಮತ್ತೆ ಇದೇನಪ್ಪ?"

ಸಾಹೇಬರು ಜೇಬಿನಿಂದ ಮೊಳೆ ತೆಗೆದು ಅವಳ ಅಂಗೈಯಲ್ಲಿಟ್ಟರು. "ಅದು... ಆಮೇಲೆ ಆಗಿದ್ದು. ನಿನ್ನ ಡಬ್ಬಿ ಇತ್ತಲ್ಲ. ಹತ್ತು ನಿಮಿಷದ್ದಲ್ಲ ಅದು, ಅರ್ಧ ಗಂಟೆ ಬೇಕು."

ಮಗಳು ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ನಗಲು ಹೋಗಿ ಅತ್ತಳು. ಎದುರುಮನೆಯವರು ಸದ್ದಿಲ್ಲದೆ ಪೆನ್ನನ್ನು ಸಾಹೇಬರ ಕೈಗೆ ದಾಟಿಸಿದರು.

"ರೀ, ಕೈ ಒರೆಸ್ಕೊಂಡು ಹಾಕಿ, ರಿಜಿಸ್ಟರ್ ಗಲೀಜಾಗುತ್ತೆ" ಎಂದರು ಅಧಿಕಾರಿ.

ಹುಡುಗ ಕರವಸ್ತ್ರ ತೆಗೆದ. ಮಗಳು ಅವನ ಕೈ ತಡೆದಳು.

"ಬೇಡ ಸರ್. ಹಾಗೇ ಹಾಕ್ಲಿ."