ಮಗುವಿನ ಪಕ್ಕ ಅಮ್ಮನ ತಟ್ಟೆ

ವೆಂಕಟಲಕ್ಷ್ಮಮ್ಮ ಬಾವಿಕಟ್ಟೆಯ ಹತ್ತಿರ ಕೂತು ಕ್ಯಾರೆಟ್ ತೊಳೆಯುತ್ತಿದ್ದಳು. ಮಣ್ಣು ಉಜ್ಜಿ, ಜೋಡಿಸಿ, ಬಾಳೆನಾರಿನಲ್ಲಿ ಬಿಗಿದು ಕುಕ್ಕೆಗೆ ಇಡಬೇಕು. ಬೆಳಗಾದರೆ ಗಂಡ ಮುನಿಕೃಷ್ಣಪ್ಪ ಹೆಬ್ಬಾಳದ ಕೆರೆ ಏರಿ ಮೇಲೆ ಗಾಡಿ ಹೊಡೆದುಕೊಂಡು ಮಾರ್ಕೆಟ್ಟಿಗೆ ಹೋಗುತ್ತಾನೆ. ಕೊಡಿಗೇಹಳ್ಳಿಯ ಅವರ ತೋಟದಲ್ಲಿ ಬೆಳೆದದ್ದು, ದಂಟಿನ ಸೊಪ್ಪಾಗಲಿ ಕ್ಯಾರೆಟ್ಟಾಗಲಿ, ಅಡುಗೆಮನೆ ಕಂಡದ್ದು ಕಡಿಮೆ. ಕಂಡರೂ ನಾಲ್ಕು ವರ್ಷದ ಮಗಳು ಗೌರಿ ಮುಟ್ಟುತ್ತಿರಲಿಲ್ಲ. ಅವಳಿಗೆ ಮುದ್ದೆ, ಕಾಳಿನ ಸಾರು, ಅಷ್ಟೇ.

ಈಗ ಹತ್ತು ದಿನದಿಂದ ಸಂಜೆಯಾದರೆ ಗೌರಿ ಗೋಡೆ ತಡವುತ್ತಾಳೆ. ಮೊನ್ನೆ ಮಬ್ಬು ಕವಿಯುವಾಗ ಅಂಗಳದಲ್ಲಿ ಮಲಗಿದ್ದ ಕರುವಿನ ಮೇಲೆ ಎಡವಿ ಬಿದ್ದಳು. ಡಾಕ್ಟರು ನೋಡಿ ಇರುಳುಗಣ್ಣು ಅಂದರು. ಔಷಧಿ ಕೊಟ್ಟು, "ಸೊಪ್ಪು, ಕ್ಯಾರೆಟ್, ಪರಂಗಿಹಣ್ಣು ತಿನ್ನಿಸಿ. ಅಸಡ್ಡೆ ಮಾಡಿದರೆ ಕಣ್ಣೇ ಹೋದೀತು" ಎಂದರು.

ಕ್ಯಾರೆಟ್ ತೊಳೆಯುತ್ತಿದ್ದ ಈ ಮಧ್ಯಾಹ್ನ ಆಸ್ಪತ್ರೆಯ ನರ್ಸು ಮರಿಯಮ್ಮ ಮನೆಗೆ ಬಂದಳು. "ಏನ್ ಲಕ್ಷ್ಮಮ್ಮ, ಮಗು ತಿಂತಾ?"

"ಎಲ್ಲಿ ನರ್ಸಮ್ಮ! ಮೂಗು ಹಿಡ್ದು ಬಾಯಿಗೆ ತುರುಕಿದೆ. ಎಲ್ಲಾ ನನ್ ಮುಖಕ್ಕೇ ಉಗುಳಿದ್ಲು. ಈಗ ತಟ್ಟೆ ಕಂಡ್ರೆ ಓಡ್ತಾಳೆ."

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಮುನಿಯಲ್ಲಮ್ಮ ಸುಮ್ಮನಿರಲಿಲ್ಲ. "ಅದು ಪ್ಯಾಟೆಯೋರು ತಿನ್ನೋ ಗೆಡ್ಡೆ ಕಣಮ್ಮ. ನಾವು ಮುದ್ದೆ ತಿಂದೇ ಇಂಗೆ ಗಟ್ಟಿಯಾಗಿರೋದು."

"ಬರೀ ಮುದ್ದೆನಾ ಅಜ್ಜಿ? ಚಿಕ್ಕೋರಿದ್ದಾಗ ಸೊಪ್ಪು ತಿಂತಿರ್ಲಿಲ್ವಾ?"

"ತಿನ್ದೇ ಏನು! ಒಲದಲ್ಲಿ ಕಿತ್ತ ಬೆರಕೆಸೊಪ್ಪಿನ ಸಾರೇ ದಿನಾ."

"ಮತ್ತೆ? ನಿಮ್ಮನ್ನ ಗಟ್ಟಿ ಮಾಡಿದ ಸೊಪ್ಪು ಈಗ ಗಾಡಿ ಹತ್ತಿ ಹೋಗ್ತಾ ಇದೆ."

"ನಿನ್ ಬಾಯಿಗೆ ಮಣ್ಣಾಕ!" ಮುದುಕಿ ನಕ್ಕುಬಿಟ್ಟಳು.

ಮರಿಯಮ್ಮ ಸೊಸೆಯ ಕಡೆ ತಿರುಗಿದಳು. "ಬಲವಂತ ಬೇಡ. ಮೆತ್ತಗೆ ಬೇಯಿಸಿ ದಿನಾ ಒಂದು ಚೂರು ತಟ್ಟೆ ಅಂಚಿಗಿಡು. ಮುಟ್ಲಿಲ್ವಾ, ಬೈಬೇಡ. ನಾಳೆ ಮತ್ತೆ ಇಡು. ಹತ್ತು ಸಲ, ಹದಿನೈದು ಸಲ ಇಡ್ಬೇಕಾಗುತ್ತೆ. ಅದಿರ್ಲಿ, ನೀನು ತಿನ್ನೋದನ್ನ ಅವಳು ನೋಡಿದಾಳಾ?"

ವೆಂಕಟಲಕ್ಷ್ಮಮ್ಮನ ಕೈ ನಿಂತಿತು. ಆ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ, ಉಳಿದದ್ದನ್ನು ಬಳಿದುಕೊಂಡು, ಸೊಸೆ ಒಲೆ ಮುಂದೆ ಒಬ್ಬಳೇ ಉಣ್ಣಬೇಕು. ಅಷ್ಟು ಹೊತ್ತಿಗೆ ಗೌರಿಗೆ ನಿದ್ದೆ. ಅಮ್ಮ ಬಾಯಿಗೆ ತುತ್ತಿಡುವುದನ್ನೇ ಮಗು ಕಂಡಿಲ್ಲ.

"ಅಮ್ಮ ತಿನ್ನದೇ ಇರೋದನ್ನ ಮಗು ಹ್ಯಾಗೆ ನಂಬುತ್ತೆ, ಹೇಳು?" ಎಂದು ಮರಿಯಮ್ಮ ಹೊರಟಳು.

ಆಮೇಲೆ ಮುನಿಯಲ್ಲಮ್ಮನೇ ಅಂದಳು: "ಎರಡು ಕಟ್ಟು ಮನೆಗಿಟ್ಕೊಳ್ಳೇ. ಕೂಸಿನ ಕಣ್ಣಿಗಿಂತ ಮಾರ್ಕೆಟ್ಟು ದೊಡ್ದಾ?"

ವೆಂಕಟಲಕ್ಷ್ಮಮ್ಮ ಎರಡು ಕಟ್ಟು ಎತ್ತಿಟ್ಟಳು. ಇವತ್ತು ಹೊತ್ತು ಮುಳುಗುವ ಮುಂಚೆ, ಗಂಡ, ಅತ್ತೆ ಉಣ್ಣುವ ಮೊದಲೇ, ಗೌರಿಯ ಪಕ್ಕ ಕೂತು ತಾನೂ ಉಣ್ಣಬೇಕು. ಯಾರು ಏನಂದರೂ ಏಳಬಾರದು. ಮಗು ಮುಟ್ಟದಿದ್ದರೆ ನಾಳೆಯೂ ಕೂರಬೇಕು, ನಾಡಿದ್ದೂ ಕೂರಬೇಕು. ಹಾಗೆಂದು ಗಟ್ಟಿಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.

ಅಕ್ಕತಂಗಿಯರೇ, ಅವಳು ಮನೆಯಲ್ಲಿ ಹೇಳದ ಮಾತನ್ನು ನಿಮಗೆ ಹೇಳಿದ್ದೇವೆ. ಸೊಪ್ಪು, ತರಕಾರಿ, ಹಣ್ಣಿನ ರುಚಿ ಗದರಿಸಿದರೆ ಹತ್ತುವುದಿಲ್ಲ. ಇವತ್ತು ನಿಮ್ಮ ಮಗುವಿಗೆ ಒಂದು ಚೂರು ಇಡಿ. ಅದರ ಎದುರಿಗೇ ನೀವೂ ತಿನ್ನಿ.