ಇನ್ನೆರಡು ತಿಂಗಳು

ನಾನು ಕೆಲಸ ಮಾಡುವ ಹೋರಿ ಕೇಂದ್ರದಲ್ಲಿ ಒಂದು ನಿಯಮವಿದೆ. ಹಸುಗಳಿಗೆ ಗಬ್ಬ ನಿಲ್ಲುತ್ತಿಲ್ಲವೆಂದು ದೂರು ಬಂದರೆ ಹಸುಗಳನ್ನು ಯಾರೂ ಬಯ್ಯುವುದಿಲ್ಲ. ಮೊದಲು ಹೋರಿಯ ವೀರ್ಯ ನನ್ನ ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ.

ಈ ಸಲ ಸಿಕ್ಕಿಬಿದ್ದವನು ದೊರೆ ಎಂಬ ಹೋರಿ. ಒಂದು ಟನ್ ತೂಕ, ಕೊಟ್ಟಿಗೆ ನಡುಗುವಂಥ ಗುಟುರು. ಆದರೆ ವೀರ್ಯಾಣುಗಳು ಹತ್ತರಲ್ಲಿ ಏಳು ಮಿಸುಕುತ್ತಲೇ ಇರಲಿಲ್ಲ. ಡಾಕ್ಟರು ಮೇವಿಗೆ ಸತು, ಸೆಲೆನಿಯಂ ಬೆರೆತ ಪುಡಿ ಹಾಕಲು ಹೇಳಿದರು.

"ಹೊಸ ವೀರ್ಯ ಬಲಿಯೋಕೆ ಎರಡು ತಿಂಗಳು ಬೇಕು. ಅಲ್ಲಿವರೆಗೂ ಅವನಿಗೆ ಕೆಟ್ಟ ಹೆಸರು ಕಟ್ಬೇಡಿ" ಎಂದರು.

ಹೋರಿಗಿರುವ ಈ ಮರ್ಯಾದೆ ಮನೆಯಲ್ಲಿ ನನಗಿರಲಿಲ್ಲ. ಮದುವೆಯಾಗಿ ಏಳು ವರ್ಷ. ಮಕ್ಕಳಾಗಲೆಂದು ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಸೊಂಟ ಜರಡಿಯಾಗಿತ್ತು. ನನ್ನ ವರದಿಗಳಲ್ಲಿ ಒಂದು ದೋಷವೂ ಇಲ್ಲ. ಆದರೂ ಅತ್ತೆ, ಬೀದಿಗೆಲ್ಲ ಕೇಳುವಂತೆ, "ಈ ಬಂಜೆನ ಕಟ್ಕೊಂಡು ಎಷ್ಟು ದಿನ ಏಗ್ತೀಯೋ? ಬೇರೆ ಹೆಣ್ಣು ನೋಡ್ತೀನಿ" ಎನ್ನುತ್ತಿದ್ದರು.

ಆಗೆಲ್ಲ ನನ್ನ ಗಂಡ, "ಇನ್ನೆರಡು ತಿಂಗಳು ನೋಡೋಣಮ್ಮ, ಪಾಪ" ಎನ್ನುತ್ತಿದ್ದರು. ಆ 'ಪಾಪ'ಕ್ಕೆ ನಾನು ಕರಗಿ ನೀರಾಗುತ್ತಿದ್ದೆ. ಅವರದು ದನದ ಔಷಧಿ ಮಾರುವ ಕೆಲಸ. ದೊರೆ ತಿನ್ನುವ ಪುಡಿಯ ಡಬ್ಬಗಳು ನಮ್ಮ ಮುಂದಿನ ಕೋಣೆಯಲ್ಲೇ ಸೂರಿನವರೆಗೆ ಪೇರಿಸಿದ್ದವು.

ಭಾನುವಾರ ಬೆಳಿಗ್ಗೆ ಅವರ ಅಂಗಿಗಳನ್ನು ಬೀರುವಿನಲ್ಲಿ ಜೋಡಿಸುತ್ತಿದ್ದೆ. ಹಿಂದುಗಡೆ ಅದೇ ಪುಡಿಯ ಡಬ್ಬ, ಅರ್ಧ ಖಾಲಿ. ಒಳಗೊಂದು ಚಮಚ. ಆ ಚಮಚ ಕಳೆದವಳು ನಾನೇ ಎಂದು ಅತ್ತೆ ವರ್ಷಗಟ್ಟಲೆ ನನ್ನ ತಲೆ ತಿಂದಿದ್ದರು. ಡಬ್ಬದ ಕೆಳಗೆ ಮಡಿಸಿಟ್ಟ ಒಂದು ಹಾಳೆ. ಗಂಡನ ಹೆಸರಿನ ಪರೀಕ್ಷೆಯ ವರದಿ, ನಾಲ್ಕು ವರ್ಷ ಹಳೆಯದು. ಇಂಥ ವರದಿ ಓದಲು ನನಗೆ ಯಾರ ನೆರವೂ ಬೇಡ. ಇವರ ಮುಂದೆ ದೊರೆ ಎಷ್ಟೋ ವಾಸಿ.

ಮೂರನ್ನೂ ತಂದು, ಅತ್ತೆಯ ಜೊತೆ ಕೂತಿದ್ದ ಗಂಡನ ಟೀ ಲೋಟದ ಪಕ್ಕ ಇಟ್ಟೆ.

"ನಾಲ್ಕು ವರ್ಷದಿಂದ ಗೊತ್ತಿತ್ತಾ ನಿಮಗೆ?"

ಅವರು ತಲೆ ಎತ್ತಲಿಲ್ಲ. "ಸರಿಹೋಗತ್ತೆ ಅಂದ್ಕೊಂಡೆ ಕಣೇ. ಇನ್ನೆರಡು ತಿಂಗಳು..."

"ಗೊತ್ತಿದ್ದೂ ನನಗೆ ಸೂಜಿ ಚುಚ್ಚಿಸಿದ್ರಲ್ಲ!"

ಅತ್ತೆ ಚಮಚ ನೋಡಿದರು, ಹೋರಿಯ ಚಿತ್ರವಿದ್ದ ಡಬ್ಬ ನೋಡಿದರು, ಮಗನ ಮುಖ ನೋಡಿದರು. ಅರ್ಥವಾಯಿತು. ಒಮ್ಮೆಯಾದರೂ ನನ್ನ ಕಡೆ ತಿರುಗುತ್ತಾರೆಂದು ಕಾದೆ. ಅವರು ಎದ್ದುಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದರು.

"ಮೆಲ್ಲಗೆ ಮಾತಾಡೇ. ಅವನ ಮಾನ ಹೋಗತ್ತೆ."

ಏಳು ವರ್ಷ ನನ್ನನ್ನು ಬಂಜೆ ಎಂದು ಕೂಗುವಾಗ ಆ ಕಿಟಕಿಯನ್ನು ಅವರು ಒಂದು ದಿನವೂ ಮುಚ್ಚಿರಲಿಲ್ಲ. ನಾನು ಹೋಗಿ ಅದರ ಎರಡೂ ಬಾಗಿಲು ತೆರೆದೆ. ಆಮೇಲೆ ವರದಿಯನ್ನು ಕೈಗೆತ್ತಿಕೊಂಡು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ.