ಮೂವತ್ತು ಸೆಕೆಂಡಿನ ಮಿತಿ

"ಅಕ್ಕಾರ, ಚಾಲೂ ಆಗವಲ್ದರಿ. ಕೈ ಹಾಕಿ ನೋಡ್ಲೇನ್ರಿ?" ಗೊಬ್ಬರದ ನೀರಿನ ಟಾಕಿಗೆ ಒರಗಿಸಿದ ಏಣಿಯ ಮೇಲಿಂದ ಲಕ್ಕಪ್ಪ ಕೂಗಿದ.

ಸುಮನ ಲ್ಯಾಪ್‌ಟಾಪ್ ನೋಡಿದಳು. ಸಮಯ ಮುಗಿದಿದೆ, ಮೋಟರು ನಿಂತಿದೆ ಎಂದು ಕೆಂಪಕ್ಷರದಲ್ಲಿತ್ತು. ಘೋಡಗೇರಿಯ ಈ ನರ್ಸರಿಗೆ ಆ ಜಾವಾ ಪ್ರೋಗ್ರಾಮು ಬರೆದವಳು ಅವಳೇ. ಟಾಕಿಯೊಳಗೆ ನೀರು ಕಲಕುವ ರೆಕ್ಕೆ ತಿರುಗಿಸಲು ಒಂದು ಮೆಥಡ್, ಅಂದರೆ ಪ್ರೋಗ್ರಾಮಿನೊಳಗಿನ ಒಂದು ತುಂಡು, ಮೋಟರಿಗೆ ಸಂದೇಶ ಕಳಿಸುತ್ತದೆ. ಸಂಪರ್ಕ ಸಿಗದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಅದಕ್ಕಾಗಿ ಇಡೀ ಪ್ರೋಗ್ರಾಮು ಕಾಯುತ್ತ ಕೂಡಬಾರದೆಂದು ಹೋದ ವಾರವಷ್ಟೇ ಮೂವತ್ತು ಸೆಕೆಂಡಿನ ಮಿತಿ ಹಾಕಿದ್ದಳು.

"ನಿಂತೈತಿ ಕಾಕಾ. ರೆಕ್ಕಿಗೆ ಏನರ ಸಿಕ್ಕಿರಬೇಕು, ನೋಡ್ರಿ."

ಲಕ್ಕಪ್ಪ ಭುಜದತನಕ ಕೈ ಇಳಿಸಿದ. ಗೋಣಿಚೀಲದ ದಾರ ಸುತ್ತಿಕೊಂಡಿತ್ತು. ಎಳೆದರೆ ಬರಲಿಲ್ಲ. ಕೈ ಹೊರತೆಗೆದು, ಕೆಳಗೆ ನಿಂತಿದ್ದ ಹೆಂಡತಿ ಕೆಂಚವ್ವನ ಕಡೆ ಚಾಚಿ, "ಕುಡಗೋಲು ಕೊಡು" ಎಂದ.

ಟಾಕಿ ಗುಂಯ್ ಎಂದಿತು. ರೆಕ್ಕೆ ತಿರುಗಿತು. ನೀರು ಚಿಮ್ಮಿ ಲಕ್ಕಪ್ಪನ ಮುಖಕ್ಕೆ ಬಡಿಯಿತು.

ಪರದೆಯ ಮೇಲೆ ಇನ್ನೂ ಕೆಂಪೇ ಇತ್ತು. ಕೆಂಚವ್ವ ಚೀರಿದ ಮೇಲೆಯೇ ಸುಮನ ಎಚ್ಚೆತ್ತು, ಓಡಿ ಹೋಗಿ ಗೋಡೆಯ ಮೇನ್ ಸ್ವಿಚ್ ಎಳೆದಳು. ಲಕ್ಕಪ್ಪ ಏಣಿಯ ಮೇಲೇ ಕುಸಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

"ನಂದ ತಪ್ಪ್ರಿ. ಕರೆಂಟ್ ತಗದು ಕೈ ಹಾಕಬೇಕಿತ್ತು," ಎಂದ.

ಸುಮನ ಕೋಡ್ ತೆರೆದಳು. ಎರಡು ಸಲ ಓದಬೇಕಾಗಲಿಲ್ಲ. ಮಿತಿ ಮುಗಿದಾಗ ಪ್ರೋಗ್ರಾಮು ಕಾಯುವುದನ್ನಷ್ಟೇ ಬಿಟ್ಟಿತ್ತು. ಯಾರೂ ಕಾಯದಿದ್ದರೂ ಮೆಥಡ್ ಹಿನ್ನೆಲೆಯಲ್ಲಿ ಸಂದೇಶ ಕಳಿಸುತ್ತಲೇ ಇತ್ತು; ಸಂಪರ್ಕ ಸಿಕ್ಕ ಕೂಡಲೇ ಹೇಳಿದ ಕೆಲಸ ಮಾಡಿತ್ತು. ನಿಲ್ಲು ಎಂದು ಅದಕ್ಕೆ ಅವಳು ಹೇಳಿರಲೇ ಇಲ್ಲ.

"ಕಾಕಾ, ನಿಮ್ಮ ತಪ್ಪಲ್ಲ. ಅದು ನಿಂತಿರಲೇ ಇಲ್ಲ. ನಿಂತೈತಿ ಅಂತ ಬರದಾಕಿ ನಾನು."

ಲಕ್ಕಪ್ಪ ಏಣಿ ಇಳಿದ. ಕೆಂಚವ್ವ ಅವನ ಕೈಯನ್ನು ಸೆರಗಿನಿಂದ ಒರೆಸುತ್ತ, "ನಿನ್ನ ಮಾತು ನಂಬೇ ಅವ ಕೈ ಇಟ್ಟಿದ್ದ ಯವ್ವಾ," ಎಂದಳು.

ಸುಮನ ಊಟಕ್ಕೆ ಏಳಲಿಲ್ಲ. ಮಿತಿ ಮುಗಿದರೆ ಮೆಥಡನ್ನೇ ರದ್ದು ಮಾಡುವಂತೆ ಬರೆದಳು. ಪ್ರತಿ ಸುತ್ತಿಗೂ, ನಿಲ್ಲಲು ಹೇಳಿದ್ದಾರೆಯೇ ಎಂದು ಅದು ನೋಡಿಕೊಳ್ಳುವಂತೆ ಬರೆದಳು. ಮೇನ್ ಸ್ವಿಚ್ ಹಾಕಿ, ಹತ್ತು ಸಲ ಮಿತಿ ಮುಗಿಯುವತನಕ ಸಂಪರ್ಕ ತಪ್ಪಿಸಿ ಮತ್ತೆ ಕೊಟ್ಟಳು. ರೆಕ್ಕೆ ಅಲುಗಲಿಲ್ಲ.

"ಈಗ ಸರಿ ಆಗೈತ್ರಿ," ಎಂದಳು. ಲಕ್ಕಪ್ಪ ಏಣಿ ಹಿಡಿದು ನಿಂತ, ಹತ್ತಲಿಲ್ಲ.

ಸುಮನ ಮೇನ್ ಸ್ವಿಚ್ ಎಳೆದು, ಫ್ಯೂಸ್ ಕಿತ್ತು ಅವನ ಅಂಗೈಯಲ್ಲಿಟ್ಟಳು. ಕುಡಗೋಲು ಇಸಿದುಕೊಂಡು ತಾನೇ ಏಣಿ ಹತ್ತಿ, ತೋಳೇರಿಸಿ, ದಾರ ಕೊಯ್ಯಲು ಕಪ್ಪು ನೀರಿಗೆ ಕೈ ಇಳಿಸಿದಳು. ಕೆಳಗೆ ಲಕ್ಕಪ್ಪ ಫ್ಯೂಸನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವಳ ಭುಜವನ್ನೇ ನೋಡುತ್ತ ನಿಂತಿದ್ದ.